ಮದುವೆಗೆ ಬಟ್ಟೆ ಕೊಡುವಾಗ: ಬೀರು ಸೇರದೆ ಮೈಮೇಲೆ ಬರುವಂಥದ್ದನ್ನು ಆರಿಸುವುದು ಹೇಗೆ?

ಮದುವೆ ಮನೆಯಲ್ಲಿ ವಧೂವರರ ಜವಳಿಗೆ ದಿನಗಟ್ಟಲೆ ಓಡಾಟ ನಡೆಯುತ್ತದೆ. ಅತ್ತೆ, ಚಿಕ್ಕಮ್ಮ, ಓರಗಿತ್ತಿ, ಸೋದರಮಾವಂದಿರಿಗೆ ಕೊಡುವ ಬಟ್ಟೆಗೆ ಸಿಗುವುದು ಕೊನೆಯ ಅರ್ಧ ಗಂಟೆ. ಒಂದೇ ಕಟ್ಟಿನಿಂದ ಹತ್ತಾರು ಸೀರೆ, ಒಂದೇ ಅಳತೆಯ ಪಂಚೆಗಳು. ಅವುಗಳಲ್ಲಿ ಎಷ್ಟೋ ಮಡಿಕೆ ಬಿಚ್ಚದೆಯೇ ಇನ್ನೊಂದು ಮದುವೆಯ ಮುಯ್ಯಿಯಾಗಿ ಬೇರೆ ಮನೆ ಸೇರುತ್ತವೆ. ಪಡೆದವರು ಇದೇ ಮದುವೆಗೂ ಉಟ್ಟು, ಆಮೇಲೆ ಗೃಹಪ್ರವೇಶ, ನಾಮಕರಣ, ವರಮಹಾಲಕ್ಷ್ಮಿಗೂ ಉಡುವಂಥದ್ದನ್ನು ಅದೇ ದುಡ್ಡಿನಲ್ಲಿ ಕೊಡಬಹುದು. ಅದಕ್ಕೆ ಹೀಗೆ ಹೊರಡಿ.

ಅಂಗಡಿಗೆ ಮುಂಚೆ ಪಟ್ಟಿ

ಹೆಸರಿನ ಪಕ್ಕದಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ವಯಸ್ಸು, ಎತ್ತರ ಮತ್ತು ಮೈಕಟ್ಟು, ದಿನವೂ ಉಡುವುದೇನು, ಕಳೆದ ಎರಡು ಸಮಾರಂಭಗಳ ಫೋಟೊದಲ್ಲಿ ಏನು ಉಟ್ಟಿದ್ದರು. ಕೊನೆಯದು ಬಹಳ ಮುಖ್ಯ. ಸಣ್ಣಂಚಿನ ತೆಳು ಸೀರೆಯಲ್ಲೇ ಕಾಣುವ ಅತ್ತೆಗೆ ಎಂಟಿಂಚಿನ ಜರಿಯಂಚು ಕೊಟ್ಟರೆ ಅದು ಬೀರು ಸೇರುತ್ತದೆ. ಒಂದೇ ವರಸೆಯವರಿಗೆ ಒಂದೇ ಬೆಲೆ ಇರಲಿ. ಬಣ್ಣ, ವಿನ್ಯಾಸ ಬೇರೆ ಇರಲಿ. ಓರಗಿತ್ತಿಯರ ನಡುವೆ ಐನೂರು ರೂಪಾಯಿ ವ್ಯತ್ಯಾಸವೂ ಎದ್ದು ಕಾಣುತ್ತದೆ. ಹಿರಿಯರಿರುವ ಮನೆಗೆ ಅಪ್ಪಟ ಕಪ್ಪು, ಅಪ್ಪಟ ಬಿಳಿ ಸೀರೆ ಬೇಡ.

ಬಟ್ಟೆ ಅವರ ಕೈ ಸೇರಬೇಕಾದ್ದು ಮುಹೂರ್ತಕ್ಕೆ ಆರು ವಾರ ಮೊದಲು. ಮದುವೆ ತಿಂಗಳಲ್ಲಿ ದರ್ಜಿಗಳ ಕೈ ತುಂಬಿರುತ್ತದೆ. ಮಂಟಪದಲ್ಲಿ ಕೊಟ್ಟ ಸೀರೆಯನ್ನು ಆ ಮದುವೆಗೆ ಉಡಲು ಯಾರಿಂದಲೂ ಆಗದು.

ಸೀರೆ: ಮೊದಲು ನೂಲು, ಆಮೇಲೆ ಜರಿ

ಹಲವು ಸಮಾರಂಭಗಳಿಗೆ ಒದಗುವ ಸೀರೆಗೆ ಮೂರು ಗುಣ ಬೇಕು: ಹಗುರ, ಎರಡಿಂಚಿನಿಂದ ನಾಲ್ಕಿಂಚಿನ ಅಂಚು, ಒಡಲಲ್ಲಿ ಕಡಿಮೆ ಕೆಲಸ. ಭಾರಿ ಜರಿಯ ಕಂಚಿ ಸೀರೆ ಒಂದು ಕಿಲೋ ಹತ್ತಿರ ತೂಗಬಲ್ಲದು. ಪಂಕ್ತಿಯಲ್ಲಿ ಬಡಿಸುವ, ಮಗು ಎತ್ತಿಕೊಳ್ಳುವ ಹೆಂಗಸರಿಗೆ ಅದು ಹೊರೆ.

ಸಾವಿರಾರು ರೂಪಾಯಿ ಇಡಬಲ್ಲವರಿಗೆ ಮೈಸೂರು ಸಿಲ್ಕ್ ಒಳ್ಳೆಯ ಆಯ್ಕೆ. 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಈ ಕ್ರೇಪ್ ರೇಷ್ಮೆ ಮೈಗೆ ಒಪ್ಪಿ ಕೂರುತ್ತದೆ, ಸಣ್ಣ ಜರಿಯಂಚಿನದ್ದು ಯಾವ ವಯಸ್ಸಿಗೂ ಹೊಂದುತ್ತದೆ. ಆ ಕಾರ್ಖಾನೆ ನಡೆಸುವ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಸೀರೆಗೆ ಹೊಲೊಗ್ರಾಮ್ ಮತ್ತು ಪ್ರತ್ಯೇಕ ಸಂಖ್ಯೆ ಇರುತ್ತದೆ. 'ಸೆಮಿ ಮೈಸೂರು ಸಿಲ್ಕ್' ಎಂದು ಮಾರುವುದು ಬಹುತೇಕ ಪಾಲಿಯೆಸ್ಟರ್.

ಕಡಿಮೆ ಬೆಲೆಗೆ ಇಳಕಲ್ ಸೀರೆಯನ್ನು ಮೀರಿಸುವುದು ಕಷ್ಟ. ಹತ್ತಿಯ ಒಡಲು, ಕೆಂಪು ಸೆರಗು. ಕಚೇರಿಗೂ ಆದೀತು, ಆರತಕ್ಷತೆಗೂ ಆದೀತು. ಒಡಲಿನ ಹಾಸನ್ನೂ (ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದು ಈ ಸೀರೆಯ ವೈಶಿಷ್ಟ್ಯ. ಸೆರಗು ಶುರುವಾಗುವ ಗೆರೆಯನ್ನು ಹಿಂಬದಿಯಿಂದ ನೋಡಿ: ಎರಡು ಬಣ್ಣದ ಎಳೆಗಳು ಒಂದರೊಳಗೊಂದು ಸಿಕ್ಕಿಸಿಕೊಂಡ ಪುಟ್ಟ ಕುಣಿಕೆಗಳು ಸಾಲಾಗಿ ಕಾಣಬೇಕು. ಕುಣಿಕೆ ಇಲ್ಲದೆ ಬಣ್ಣ ಮಾತ್ರ ಬದಲಾಗಿದ್ದರೆ ಅದು ಆ ಪದ್ಧತಿಯ ಸೀರೆಯಲ್ಲ.

ರೇಷ್ಮೆಗೆ 'ಸಿಲ್ಕ್ ಮಾರ್ಕ್' ಚೀಟಿ ಕೇಳಿ. ಅದು ಭರವಸೆ ಕೊಡುವುದು ರೇಷ್ಮೆಯ ಶುದ್ಧತೆಗೆ ಮಾತ್ರ. ಜರಿಗಾಗಲಿ ಕೈಮಗ್ಗಕ್ಕಾಗಲಿ ಅಲ್ಲ. ಚೀಟಿ ಇಲ್ಲದಿದ್ದರೆ ಸೆರಗಿನ ತುದಿಯಿಂದ ಎರಡು ಎಳೆ ಸುಟ್ಟು ತೋರಿಸಲು ಹೇಳಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸಿನದೊಂದು, ಹೊಕ್ಕಿನದೊಂದು (ಅಡ್ಡಡ್ಡ ಹೋಗುವ ಎಳೆ) ಸುಡಿಸಬೇಕು. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಆಗಿರುವ ಸೀರೆಗಳು ಹೀಗೆಯೇ ಸಿಕ್ಕಿಬೀಳುತ್ತವೆ.

ಬಣ್ಣ ನೋಡುವುದು ಬಾಗಿಲ ಬಳಿ, ಹಗಲು ಬೆಳಕಿನಲ್ಲಿ. ಅಂಗಡಿಯ ಹಳದಿ ದೀಪದಡಿ ಬದನೆ ಬಣ್ಣವೂ ಕಡುನೀಲಿಯೂ ಒಂದೇ ಆಗಿ ಕಾಣುತ್ತವೆ. ಸೀರೆಯನ್ನು ಪೂರ್ತಿ ಬಿಡಿಸಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದ ಜಾಗ ಹುಡುಕಿ. ಕೆಂಪು, ಮರೂನ್, ಕಡುಹಸಿರು ಅಂಚನ್ನು ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ. ಬಣ್ಣ ಹತ್ತಿದರೆ ಮೊದಲ ಒಗೆತಕ್ಕೇ ಒಡಲಿಗೆ ಇಳಿಯುತ್ತದೆ, ಬಿಟ್ಟುಬಿಡಿ.

ಸೀರೆ ಬೀರಿನಲ್ಲೇ ಉಳಿಯುವುದು ರವಿಕೆಯಿಂದ

ಬಹುತೇಕ ಸೀರೆ ಸುಮಾರು 6.3 ಮೀಟರ್ ಬರುತ್ತದೆ: ಉಡಲು 5.5, ರವಿಕೆಗೆ 80 ಸೆಂಟಿಮೀಟರ್. ಎದೆಯಳತೆ 40 ಇಂಚು ದಾಟಿದವರಿಗೆ, ಮೊಣಕೈವರೆಗೆ ತೋಳು ಬೇಕೆನ್ನುವವರಿಗೆ ಈ 80 ಸಾಲದೆ ತೋಳು ಗಿಡ್ಡವಾಗುತ್ತದೆ, ಇಲ್ಲವೇ ಕಂಕುಳಲ್ಲಿ ತೇಪೆ ಬೀಳುತ್ತದೆ. ಅಂಥವರಿಗೆ ಬೇರೆಯಾಗಿ ಒಂದು ಮೀಟರ್ ಬಟ್ಟೆ ಕೊಡಿ. ಜೊತೆಗಿರುವ ರವಿಕೆಯನ್ನು ಕತ್ತರಿಸುವ ಮುಂಚೆ ಸೀರೆಯನ್ನು ಅಳೆಯಬೇಕು. ಒಟ್ಟು ಆರು ಮೀಟರ್ ಮಾತ್ರ ಇದ್ದರೆ, ದಪ್ಪ ಮೈಯವರಿಗೆ ಕತ್ತರಿಸಿದ ಮೇಲೆ ನೆರಿಗೆ ಮೂರಕ್ಕೆ ಇಳಿಯುತ್ತದೆ.

ನಮ್ಮ ಸಲಹೆ: ಸೀರೆಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಎರಡನೇ ರವಿಕೆ ಬಟ್ಟೆ ಇಡಿ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ, ಸಾದಾ ಮೈಸೂರು ಸಿಲ್ಕಿಗೆ ಎದುರು ಬಣ್ಣದ ರಾ ಸಿಲ್ಕ್. ಮದುವೆಗೆ ಒಂದು ರವಿಕೆ, ಹಬ್ಬಕ್ಕೆ ಇನ್ನೊಂದು; ಒಂದೇ ಸೀರೆ ಎರಡಾಗಿ ಕಾಣುತ್ತದೆ. ಒಂದು ಮೀಟರ್ ಹತ್ತಿ ಲೈನಿಂಗನ್ನೂ ನೆನೆಸಿ ಒಣಗಿಸಿ ಸೇರಿಸಿ. ನೆನೆಸದೆ ಹೊಲಿದರೆ ಲೈನಿಂಗ್ ಕುಗ್ಗಿ ರವಿಕೆ ಸುಕ್ಕುಗಟ್ಟುತ್ತದೆ. ಫಾಲ್‌ಗೂ ಇದೇ ಮಾತು.

ಫಾಲ್, ಜಿಗ್‌ಜಾಗ್ ಮಾಡಿಸಿಯೇ ಕೊಡಬೇಕೇ? ಅಂಗಡಿಗೆ ಓಡಾಡಲಾಗದ ಹಿರಿಯರಿಗೆ ಮಾಡಿಸಿ ಕೊಡಿ, ಅದೇ ದೊಡ್ಡ ಉಪಕಾರ. ಉಳಿದವರಿಗೆ ಹಾಗೆಯೇ ಕೊಡಿ, ಯಾಕೆಂದರೆ ಸೂಜಿ ಬಿದ್ದ ಸೀರೆಯನ್ನು ಸಾಮಾನ್ಯವಾಗಿ ಅಂಗಡಿಯವರು ಬದಲಿಸಿಕೊಡುವುದಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ನೆಂಟರಿಗಾದರೆ ಅಳತೆ ತರಿಸಿ ರವಿಕೆಯನ್ನು ಇಲ್ಲೇ ಹೊಲಿಸಿಬಿಡಿ. ಪಕ್ಕದ ಹೊಲಿಗೆಯೊಳಗೆ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಬಿಡಲು ದರ್ಜಿಗೆ ಹೇಳಿ.

ಗಂಡಸರಿಗೆ, ಮಕ್ಕಳಿಗೆ

ಒಂಟಿ ಪಂಚೆ ಸುಮಾರು ಎರಡು ಮೀಟರ್, ಜೋಡಿ ಅದರ ಎರಡರಷ್ಟು. ಎತ್ತರದವರಿಗೆ, ಹೊಟ್ಟೆಯಿರುವವರಿಗೆ ಜೋಡಿಯೇ ಸರಿ. ಕಚ್ಚೆ ಹಾಕುವವರಿಗಂತೂ ಒಂಟಿ ಸಾಲದು. ಪಂಚೆ ಉಟ್ಟು ಅಭ್ಯಾಸವಿಲ್ಲದ ಹುಡುಗರಿಗೆ ಜೇಬು, ವೆಲ್ಕ್ರೋ ಇರುವುದನ್ನು ಕೊಡಿ. ಗಂಜಿ ಹಾಕಿದ ಪಂಚೆ ಅಂಗಡಿಯಲ್ಲಿ ದಪ್ಪವಾಗಿ ತೋರುತ್ತದೆ. ಮೂಲೆಯನ್ನು ಕೈಯಲ್ಲಿ ತಿಕ್ಕಿ, ಪುಡಿ ಉದುರಿದರೆ ನೇಯ್ಗೆ ತೆಳು ಎಂದು ತಿಳಿಯಿರಿ.

ಸಿದ್ಧ ಕುರ್ತಾಗೆ ಅವರ ಎದೆಯಳತೆಗಿಂತ ನಾಲ್ಕು ಇಂಚು ಹೆಚ್ಚಿರಬೇಕು. 40 ಇಂಚಿನ ಎದೆಗೆ, ಹಾಸಿಟ್ಟ ಕುರ್ತಾ ಕಂಕುಳಿಂದ ಕಂಕುಳಿಗೆ 22 ಇಂಚು. ಭುಜದ ಅಳತೆಯನ್ನು ಅವರ ಹಳೆಯ ಅಂಗಿಯಿಂದ ತೆಗೆದುಕೊಳ್ಳಿ. ಎದೆ, ಉದ್ದವನ್ನು ಸರಿಪಡಿಸಬಹುದು, ಭುಜ ಕೆಟ್ಟರೆ ಕಷ್ಟ. ಮೊಣಕಾಲುದ್ದದ, ಕಸೂತಿ ಕಡಿಮೆಯಿರುವ ತಿಳಿಬಣ್ಣದ ಕುರ್ತಾ ಪಂಚೆಗೂ ಆದೀತು, ಜೀನ್ಸ್‌ಗೂ ಆದೀತು.

ಮಕ್ಕಳಿಗೆ ಒಂದು ಅಳತೆ ದೊಡ್ಡದು ತೆಗೆದುಕೊಂಡು, ಕುತ್ತಿಗೆ, ಕಂಕುಳ ಒಳಭಾಗವನ್ನು ಬೆರಳಿಂದ ಸವರಿ ನೋಡಿ. ಜರಿ ಚುಚ್ಚಿದರೆ ಮಗು ತಾಳಿ ಕಟ್ಟುವ ಹೊತ್ತಿಗೆ ಬಟ್ಟೆ ಬಿಚ್ಚಿಸಿಕೊಂಡಿರುತ್ತದೆ.

ಕೊಡುವಾಗ

ಬಿಲ್ಲಿನ ಪ್ರತಿ ನಿಮ್ಮಲ್ಲಿರಲಿ. ಬದಲಿಸಲು ಕೊನೆಯ ದಿನಾಂಕವನ್ನು ಚೀಟಿಯಲ್ಲಿ ಬರೆದು ಬಟ್ಟೆಯೊಳಗಿಡಿ. ಅದೇ ಚೀಟಿಯಲ್ಲಿ ನೂಲು ಯಾವುದು, ನೀರಿಗೆ ಹಾಕಬಹುದೇ, ಡ್ರೈಕ್ಲೀನ್ ಬೇಕೇ ಎಂಬುದೂ ಇರಲಿ. ಗುಂಡುಸೂಜಿಗಳನ್ನೆಲ್ಲ ತೆಗೆಯಿರಿ, ಮಳೆಗಾಲದಲ್ಲಿ ತುಕ್ಕಿನ ಕಲೆ ಹತ್ತಿದರೆ ರೇಷ್ಮೆಯಿಂದ ಬಿಡಿಸುವುದು ಬಹಳ ಕಷ್ಟ. ಜರಿ ಸೀರೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ. ಅರಿಶಿನ ಕುಂಕುಮವನ್ನು ಬೇರೆ ಪೊಟ್ಟಣದಲ್ಲಿ ಕೊಡಿ, ಸೀರೆಯ ಮೂಲೆಗೆ ಹಚ್ಚಲೇಬೇಕೆಂದರೆ ಫಾಲ್ ಬರುವ ಒಳಬದಿಗೆ ಹಚ್ಚಿ.