ತಿಮಿಂಗಿಲದ ದಾಯಾದಿ ಯಾರು? ಡಿಎನ್‌ಎಯಿಂದ ವಂಶವೃಕ್ಷ ಕಟ್ಟುವ ಬಗೆ

ಬಹುಕಾಲ ಪ್ರಾಣಿಶಾಸ್ತ್ರಜ್ಞರು ನೀರಾನೆಯನ್ನು ಹಂದಿಯ ಹತ್ತಿರದ ಬಂಧುವೆಂದು ಎಣಿಸಿದ್ದರು. 1990ರ ದಶಕದಲ್ಲಿ ಡಿಎನ್‌ಎ ಹೋಲಿಕೆಗಳು ಕೈಗೆ ಬಂದಾಗ, ಈಗ ಬದುಕಿರುವ ಪ್ರಾಣಿಗಳಲ್ಲಿ ಅದರ ಅತಿ ಸಮೀಪದ ದಾಯಾದಿಗಳು ತಿಮಿಂಗಿಲ ಮತ್ತು ಡಾಲ್ಫಿನ್‌ಗಳೆಂಬ ಚಿತ್ರ ಮೂಡಿತು. ಆ ತೀರ್ಮಾನದ ದಾರಿಯನ್ನು ವಿದ್ಯಾರ್ಥಿಗಳು ಇಂದು ಮನೆಯ ಕಂಪ್ಯೂಟರಿನಲ್ಲೇ ನಡೆದು ನೋಡಬಹುದು.

ಮೊದಲು ತಿಮಿಂಗಿಲ, ನೀರಾನೆ, ಹಸು ಮತ್ತು ಹಂದಿಯ ಒಂದೇ ಜೀನಿನ ಅಕ್ಷರಸರಣಿಗಳನ್ನು (ಡಿಎನ್‌ಎ ಎ, ಸಿ, ಜಿ, ಟಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು) ಜೆನ್‌ಬ್ಯಾಂಕ್ ಎಂಬ ಉಚಿತ ಭಂಡಾರದಿಂದ ಇಳಿಸಿಕೊಳ್ಳಬೇಕು. ಸುಮಾರು 1,140 ಅಕ್ಷರಗಳ ಸೈಟೋಕ್ರೋಮ್ ಬಿ ಜೀನಿನಿಂದ ಆರಂಭಿಸಬಹುದು. ಆದರೆ ಒಂದೇ ಜೀನಿನ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡಬಾರದು. ಜೊತೆಗೆ ಕುದುರೆಯೂ ಇರಲಿ: ಅದು ಈ ಬಳಗದ ಹೊರಗಿನದೆಂದು ಗೊತ್ತಿರುವುದರಿಂದ ವೃಕ್ಷದ ಬೇರು ಎಲ್ಲಿದೆಯೆಂದು ತೋರಿಸುತ್ತದೆ. ಬಳಿಕ, ಒಂದೇ ಮೂಲಸ್ಥಾನದಿಂದ ಬಂದ ಅಕ್ಷರಗಳು ಒಂದರ ಕೆಳಗೊಂದು ಕೂರುವಂತೆ ಮಾಫ್ಟ್‌ನಂತಹ ತಂತ್ರಾಂಶದಲ್ಲಿ ಸರಣಿಗಳನ್ನು ಹೊಂದಿಸಬೇಕು. ಇಲ್ಲಿ ತಪ್ಪಿದರೆ ಮುಂದಿನ ಯಾವ ಲೆಕ್ಕವೂ ಅದನ್ನು ತಿದ್ದಲಾರದು.

ಇನ್ನು ವ್ಯತ್ಯಾಸಗಳ ಎಣಿಕೆ. ಒಂದು ಸ್ಥಾನದಲ್ಲಿದ್ದ ಎ ಅಕ್ಷರ ಜಿ ಆಗಿ, ಸಾವಿರಾರು ತಲೆಮಾರುಗಳ ನಂತರ ಮತ್ತೆ ಎ ಆಗಿದ್ದರೆ ನಮ್ಮ ಕಣ್ಣಿಗೆ ಅಲ್ಲಿ ಏನೂ ನಡೆದಿಲ್ಲ. ಹೀಗೆ ಮುಚ್ಚಿಹೋದ ಬದಲಾವಣೆಗಳನ್ನು ಅಂದಾಜು ಮಾಡಲು ವಿಜ್ಞಾನಿಗಳಾದ ಜ್ಯೂಕ್ಸ್ ಮತ್ತು ಕ್ಯಾಂಟರ್ 1969ರಲ್ಲಿ ಒಂದು ಸೂತ್ರ ಕೊಟ್ಟರು. ಯಾವ ಅಕ್ಷರವೂ ಬೇರೆ ಯಾವುದಕ್ಕಾದರೂ ಒಂದೇ ದರದಲ್ಲಿ ಬದಲಾಗುತ್ತದೆಂಬ ಅವರ ಊಹೆಯಂತೆ, 100 ಸ್ಥಾನಗಳಲ್ಲಿ 30 ಭಿನ್ನವಾಗಿ ಕಂಡರೆ ನಿಜಕ್ಕೂ ನಡೆದ ಬದಲಾವಣೆಗಳು ಸುಮಾರು 38. ಕಾಣದ ಆ ಎಂಟನ್ನು ಲೆಕ್ಕಕ್ಕೆ ತರುವುದೇ, ನನ್ನ ದೃಷ್ಟಿಯಲ್ಲಿ, ಈ ವಿದ್ಯೆಯ ಜೀವಾಳ.

ಮುಂದಿನದು ವೃಕ್ಷದ ಆಯ್ಕೆ. ಬೇರು ಗೊತ್ತಾದ ಮೇಲೆ ನಾಲ್ಕು ಪ್ರಾಣಿಗಳನ್ನು 15 ವೃಕ್ಷಗಳಾಗಿ ಜೋಡಿಸಬಹುದು; ಹತ್ತಾದರೆ ಆ ಸಂಖ್ಯೆ 3 ಕೋಟಿ 44 ಲಕ್ಷ ದಾಟುತ್ತದೆ. ಅಮೆರಿಕದ ವಿಜ್ಞಾನಿ ಜೋಸೆಫ್ ಫೆಲ್ಸೆನ್‌ಸ್ಟೈನ್ 1981ರಲ್ಲಿ ಬಳಕೆಗೆ ತಂದ ಕ್ರಮದಲ್ಲಿ, ಪ್ರತಿ ವೃಕ್ಷಕ್ಕೂ ‘ಇದೇ ನಿಜವಾಗಿದ್ದರೆ ನಮ್ಮ ಮುಂದಿರುವ ಅಕ್ಷರಗಳು ಮೂಡುವ ಸಂಭವ ಎಷ್ಟು?’ ಎಂದು ಕೇಳಿ, ಅತಿ ಹೆಚ್ಚು ಸಂಭವ ಕೊಡುವುದನ್ನು ಆರಿಸುತ್ತಾರೆ. ಐಕ್ಯೂ-ಟ್ರೀ ತಂತ್ರಾಂಶ ಈ ಹುಡುಕಾಟವನ್ನು ಮಾಡಿಕೊಡುತ್ತದೆ.

ಸಿಕ್ಕ ಉತ್ತರ ಎಷ್ಟು ಗಟ್ಟಿ? ಇದಕ್ಕೆ 1985ರಲ್ಲಿ ಫೆಲ್ಸೆನ್‌ಸ್ಟೈನ್ ಅವರೇ ಸೂಚಿಸಿದ ಬೂಟ್‌ಸ್ಟ್ರಾಪ್ ಪರೀಕ್ಷೆಯಿದೆ: ಹೊಂದಿಸಿದ ಸಾಲುಗಳಿಂದ ಸ್ಥಾನಗಳನ್ನು ಚೀಟಿ ಎತ್ತಿದಂತೆ ಎತ್ತಿ, ಎತ್ತಿದ್ದನ್ನು ಮತ್ತೆ ಹಾಕುತ್ತಾ, ಅಷ್ಟೇ ಉದ್ದದ ಹೊಸ ದತ್ತಾಂಶವನ್ನು ಸಾವಿರ ಸಲ ರಚಿಸಿ, ಪ್ರತಿ ಸಲವೂ ವೃಕ್ಷ ಕಟ್ಟಿ, ತಿಮಿಂಗಿಲ ಮತ್ತು ನೀರಾನೆ ಎಷ್ಟು ಬಾರಿ ಜೊತೆಯಾದವು ಎಂದು ಎಣಿಸಬೇಕು. ಆದರೆ 1,000ಕ್ಕೆ 950 ಬಂದರೆ ಆ ಕವಲು ಶೇ 95ರಷ್ಟು ಸತ್ಯವೆಂದು ಓದಿಕೊಳ್ಳಬಾರದು. ಅಕ್ಷರಗಳು ಬದಲಾಗುವ ಬಗೆಯ ಕುರಿತ ಮೂಲ ಊಹೆಯೇ ತಪ್ಪಿದ್ದಾಗ ಸುಳ್ಳು ಕವಲಿಗೂ ಪೂರ್ಣ ಅಂಕ ಸಿಗಬಹುದು.

ಆದ್ದರಿಂದಲೇ ಬೇರೆ ಬಗೆಯ ಸಾಕ್ಷ್ಯ ಬೇಕು. ಡಿಎನ್‌ಎಯೊಳಗೆ ನಕಲಾಗಿ ಹೊಸ ಜಾಗಗಳಿಗೆ ಸೇರಿಕೊಳ್ಳುವ ಸಣ್ಣ ತುಣುಕುಗಳಿವೆ. ಎರಡು ವಂಶಗಳಲ್ಲಿ ಅವು ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬಂದು ಕೂರುವುದು ತೀರ ಅಪರೂಪ. 1999ರಲ್ಲಿ ಜಪಾನಿನ ಸಂಶೋಧಕರು ತಿಮಿಂಗಿಲ ಮತ್ತು ನೀರಾನೆ ಎರಡರಲ್ಲೂ ಇಂತಹ ತುಣುಕುಗಳು ಒಂದೇ ಜಾಗಗಳಲ್ಲಿರುವುದನ್ನು ಕಂಡರು; ಹಸು ಮತ್ತು ಹಂದಿಯಲ್ಲಿ ಆ ಜಾಗಗಳು ಖಾಲಿಯಿದ್ದವು.