ಫ್ಯಾನ್ ಇಲ್ಲದ ಹತ್ತು ವಾಟಿನ ಸರ್ವರ್: ನನ್ನ ಅನುಭವ

"ದೋಸ್ತ, ಫ್ಯಾನ್ ತೆಗದ್ರ ಒಂದ ವಾರದಾಗ ಸುಟ್ಟು ಹೋಗ್ತದ" ಅಂದವರೇ ಈಗ ಫ್ಯಾನ್ ಬದಲು ನಾನು ಹಾಕಿದ ಲೋಹದ ಪ್ಲೇಟಿನ ಅಳತೆ ಕೇಳುತ್ತಿದ್ದಾರೆ. ಬೆಳಗಾವಿ ತಂಪು ಊರು ನಿಜ, ಆದರೆ ಮೇ ತಿಂಗಳಲ್ಲಿ ಟಿವಿ ಕೆಳಗಿನ ಕಪಾಟು ತಂಪಾಗಿರುವುದಿಲ್ಲ. ಅದರೊಳಗೇ ಕೂತು ಬೇಸಿಗೆ ಕಳೆಯಿತು ನನ್ನ ಡಬ್ಬಿ, ಅಂದರೆ ಸಿನಿಮಾ, ಹಾಡು ಇಟ್ಟುಕೊಂಡು ಮನೆಗೆ ಒದಗಿಸುವ ಸಣ್ಣ ಕಂಪ್ಯೂಟರ್.

ಹಳೆಯ ಡೆಸ್ಕ್‌ಟಾಪ್ ಸುಮ್ನೆ ಕೂತಾಗಲೂ 70 ವಾಟ್ ತಿನ್ನುತ್ತಿತ್ತು. ಹಗಲು ರಾತ್ರಿ ಆನ್ ಇದ್ದರೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ, ಬೇಸಿಗೆಯಲ್ಲಿ ನಮ್ಮ ಮನೆಯದು ಅದರ ಆಸುಪಾಸಿನಲ್ಲೇ ಇರುತ್ತದೆ. "ಇದರಾಗ ನಿಮ್ಮ ಸಿನಿಮಾ ಡಬ್ಬಿದು ಎಷ್ಟರೀ?" ಎಂದು ಮನೆಯಾಕೆ ಕೇಳಿದಾಗ ನಾನು ಮಾತು ಬದಲಿಸುತ್ತಿದ್ದೆ.

ಅದರ ಬದಲಿಗೆ ಮೊದಲು ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ನೋಡಿದೆ. ಅದರ ಯುಎಸ್‌ಬಿ ಪೋರ್ಟುಗಳು ಎಲ್ಲ ಸೇರಿ ಕೊಡುವುದೇ 1.2 ಆಂಪ್. ಎರಡನೇ ಡಿಸ್ಕ್ ತಿರುಗಲು ಶುರುವಾದರೆ ಮೊದಲನೆಯದು ಮಾಯ. ಡಿಸ್ಕಿಗೆ ಬೇರೆ ಕರೆಂಟ್ ಕೊಡುವ ಪವರ್ ಹಬ್ ಹಾಕಿದೆ, ವೈರಿನ ಗೊಂಚಲೇ ಆಯಿತು, ಬಿಟ್ಟೆ. ನ್ಯಾಸ್ ಎಂಬ ರೆಡಿಮೇಡ್ ಡಿಸ್ಕ್ ಡಬ್ಬಿಗಳಲ್ಲಿ ನಾನು ನೋಡಿದವು ಡಿಸ್ಕ್ ಬಿಟ್ಟು ಬರೀ ಡಬ್ಬಿಗೇ ಇಪ್ಪತ್ತು ಸಾವಿರದ ಮೇಲಿದ್ದವು.

ಕೊನೆಗೆ ಆಫೀಸುಗಳಿಂದ ಹೊರಬರುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದೆ. ಇಂಟೆಲ್‌ನ ಏಳನೇ ತಲೆಮಾರಿನ ಐ5-7500ಟಿ ಸಿಪಿಯು, 8 ಜಿಬಿ ರ‍್ಯಾಮ್, ಒಂಬತ್ತು ಸಾವಿರ ಚಿಲ್ಲರೆ. ಆರನೇ ತಲೆಮಾರಿನದು ಸಾವಿರ ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಆದರೆ ಹೆಚ್ಚು ಬಣ್ಣವಿರುವ, ಬಿಗಿಯಾಗಿ ಕುಗ್ಗಿಸಿದ 10 ಬಿಟ್‌ನ ಎಚ್‌ಇವಿಸಿ ವಿಡಿಯೋವನ್ನು ಅದರ ಗ್ರಾಫಿಕ್ಸ್ ಪೂರ್ತಿ ತಾನೇ ಬಿಡಿಸುವುದಿಲ್ಲ, ಭಾರ ಸಿಪಿಯು ಮೇಲೆ ಬೀಳುತ್ತದೆ. ಸಾವಿರ ಉಳಿಸಲು ಹೋಗಬೇಡಿ.

ಇದರ ಫ್ಯಾನ್ ಸಣ್ಣದು, ಸದ್ದು ದೊಡ್ಡದು. ರಾತ್ರಿ ಜೆಲ್ಲಿಫಿನ್ (ಸಿನಿಮಾ ಹೊಂದಿಸಿ ತೋರಿಸುವ ತಂತ್ರಾಂಶ) ಲೈಬ್ರರಿ ಸ್ಕ್ಯಾನ್ ಶುರುವಾದರೆ ಮಲಗುವ ಕೋಣೆಗೂ ಕೇಳಿಸುತ್ತಿತ್ತು. ಬೆಳಗಾವಿಯಲ್ಲಿದ್ದು ಲೋಹದ ಕೆಲಸಕ್ಕೆ ಹೆದರುವುದುಂಟಾ? ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಮಷಿನ್ ಶಾಪಿಗೆ ಹೋಗಿ ಮೇಲಿನ ಮುಚ್ಚಳದ ಜಾಗಕ್ಕೆ 12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕೊರೆಸಿದೆ. ಕೆ.ಜಿ. ಲೆಕ್ಕದ ಮಾಲು, ಕೂಲಿ ಬೇರೆ. ಎಲ್ಲ ಸೇರಿ ಸಾವಿರದ ಇನ್ನೂರೋ ಮುನ್ನೂರೋ ಆಯಿತು. ಸಿಪಿಯು ಮತ್ತು ಪ್ಲೇಟಿನ ನಡುವೆ ತಾಮ್ರದ ತುಂಡು. ಮೊದಲ ಸಲ ಅದು ಅರ್ಧ ಮಿಲಿಮೀಟರ್ ಗಿಡ್ಡ ಬಂತು. ಥರ್ಮಲ್ ಪೇಸ್ಟ್ ದಪ್ಪ ಬಳಿದು ತುಂಬಿಸಿದರೂ ಉಷ್ಣಾಂಶ ಒಂದೇ ನಿಮಿಷದಲ್ಲಿ 90 ದಾಟಿತು. ಬೇರೆ ತುಂಡು ಮಾಡಿಸಿ, ಗಾಜಿನ ಮೇಲೆ ಮರಳು ಕಾಗದ ಹಾಸಿ ಒರಟಿನಿಂದ ನುಣುಪಿಗೆ 400, 800, 1200 ನಂಬರ್ ಅಂತ ಉಜ್ಜಿದೆ. "ಸರ, ಮಿಲ್ಲಿಂಗ್ ಸಾಕ್ರಿ, ಮುಖ ನೋಡ್ಕೊಳ್ಳೋ ಹಂಗ ಮಾಡಬೇಕೇನ್ರಿ?" ಎಂದು ಶಾಪಿನವರು ನಕ್ಕರು. ಉಜ್ಜಿದ ಮೇಲೆ ಐದಾರು ಡಿಗ್ರಿ ಇಳಿಯಿತು. ಈಗ ಮೇ ತಿಂಗಳಲ್ಲೂ 4ಕೆ ಸಿನಿಮಾ ಟ್ರಾನ್ಸ್‌ಕೋಡ್ (ಬೇರೆ ರೂಪಕ್ಕೆ ಬದಲು) ಆಗುವಾಗ 70ರ ಹತ್ತಿರವೇ ನಿಲ್ಲುತ್ತದೆ. ಪ್ಲೇಟ್ ಮುಟ್ಟಿದರೆ ಚಹಾದ ಗ್ಲಾಸಿನಷ್ಟು ಬಿಸಿ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಆ ಫ್ಯಾನ್ ಗಾಳಿ ಸಿಪಿಯುಗೆ ಮಾತ್ರ ಅಲ್ಲ, ಒಳಗಿನ ಚಿಪ್ ಡಿಸ್ಕ್ ಆದ ಎಸ್‌ಎಸ್‌ಡಿಗೂ ತಾಗುತ್ತಿತ್ತು. ಫ್ಯಾನ್ ತೆಗೆದ ಮೇಲೆ ಸಿಪಿಯುಗಿಂತ ಎಸ್‌ಎಸ್‌ಡಿಯೇ ಜಾಸ್ತಿ ಕಾಯತೊಡಗಿತು. ಥರ್ಮಲ್ ಪ್ಯಾಡ್ ಅಂಟಿಸಿ ಅದರ ಬಿಸಿಯನ್ನು ಕೆಳಗಿನ ತಗಡಿಗೆ ಸೇರಿಸಿದೆ. ಇನ್ನು, ಫ್ಯಾನ್ ಕಾಣದಿದ್ದರೆ ಈ ಮಷಿನ್ ಬೂಟ್ ಆಗುವಾಗ ಎಫ್1 ಒತ್ತು ಎಂದು ನಿಂತುಬಿಡುತ್ತದೆ. ಅದನ್ನು ಹೇಗೆ ನಂಬಿಸಿದೆ ಎಂಬುದನ್ನು ಇಲ್ಲಿ ಬರೆಯೋದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಡಿಸ್ಕ್ ಎರಡು, ತಲಾ 4 ಟಿಬಿ, ಹೊರಗಿನ ಪವರ್ ಇರುವ ಯುಎಸ್‌ಬಿ ಅಡಾಪ್ಟರಿನಲ್ಲಿ. ಮೊದಲ ಅಡಾಪ್ಟರ್ ದೊಡ್ಡ ಕಾಪಿ ಹಾಕಿದಾಗೆಲ್ಲ ರೀಸೆಟ್ ಆಗುತ್ತಿತ್ತು. ಯುಎಸ್‌ಬಿ ಡಿಸ್ಕಿನ ವೇಗದ ಮೋಡ್ ಆದ ಯುಎಎಸ್ ಬಂದ್ ಮಾಡಿದರೆ ನಿಲ್ಲುತ್ತಿತ್ತು, ಆದರೆ ವೇಗ ಇಳಿಯಿತು. ಅಡಾಪ್ಟರನ್ನೇ ಬದಲಿಸಿದೆ. ಕಪಾಟಿನ ಹಲಗೆ ಗುಂಯ್‌ಗುಡುವುದಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ, ಮರದ ಚೌಕಟ್ಟಿಗೆ ಬಿಗಿದು, ಡಿಸ್ಕನ್ನು ಅದರ ಮೇಲೆ ತೂಗು ಹಾಕಿದೆ. ಖರ್ಚು ಸೊನ್ನೆ, ಸದ್ದೂ ಸೊನ್ನೆ. ಜೆಲ್ಲಿಫಿನ್‌ನ ಮೆಟಾಡೇಟಾ (ಸಿನಿಮಾಗಳ ವಿವರ), ಲಾಗ್ ಎಲ್ಲ ಎಸ್‌ಎಸ್‌ಡಿಗೆ ಸಾಗಿಸಿದ ಮೇಲೆಯೇ ಡಿಸ್ಕ್‌ಗಳು ತಿರುಗುವುದು ನಿಲ್ಲಿಸಿ ನಿದ್ದೆ ಮಾಡಿದ್ದು.

ಈ ನಡುವೆ ಅವ್ವನ ಬಯಲಾಟ, ಭಜನಾ ಪದಗಳ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಯಾವ ಊರು, ಯಾವ ಮೇಳ, ಯಾರು ಹಾಡಿದ್ದು ಎಂದು ಉದ್ದುದ್ದ ಕನ್ನಡ ಹೆಸರು ಕೊಟ್ಟಿದ್ದೆ. ವಿಂಡೋಸ್‌ನಲ್ಲಿ ಸರಿ ಇತ್ತು, ಸರ್ವರಿಗೆ ಕಾಪಿ ಆಗಲಿಲ್ಲ. ಕಾರಣ ಇಷ್ಟೇ: ಸರ್ವರಿನ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಯಾದ ಇಎಕ್ಸ್‌ಟಿ4ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8ರಲ್ಲಿ 'ಕ'ಗೆ 3 ಬೈಟ್, 'ಕ್ಷ'ಗೆ 9. ಒತ್ತಕ್ಷರ ಜಾಸ್ತಿ ಇದ್ದರೆ ನಲವತ್ತು ಅಕ್ಷರದೊಳಗೇ ಜಾಗ ಮುಗಿಯುತ್ತದೆ. ಊರಿಗೊಂದು ಫೋಲ್ಡರ್ ಮಾಡಿ ಹೆಸರು ಗಿಡ್ಡ ಮಾಡಿದೆ.

ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಇದೆ. ಆದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ಗೆ ಹಾಕದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಡಿಸ್ಕಿನ ಸಂಪರ್ಕ ಕಡಿದುಹೋಗುತ್ತದೆ. ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ತಾನೇ ಆನ್ ಆಗುವ ಸೆಟ್ಟಿಂಗ್ ಇಡಿ.

ಒಟ್ಟು ಖರ್ಚು ಡಿಸ್ಕ್ ಸೇರಿ ಮೂವತ್ತು ಸಾವಿರದ ಆಸುಪಾಸು. ಡಿಸ್ಕ್ ಮಲಗಿದಾಗ ಗೋಡೆಯ ಮೀಟರಿನಲ್ಲಿ 10 ವಾಟ್, ಸಿನಿಮಾ ಓಡುವಾಗ 25ರ ಸುತ್ತ. ತಿಂಗಳಿಗೆ ಎಂಟು-ಒಂಬತ್ತು ಯೂನಿಟ್. ಬಿಲ್ ಬಂದಾಗ ಈಗ ನಾನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ.