ಗ್ಯಾರೇಜಿನಲ್ಲಿ ಹುಟ್ಟಿದ ಬೈಕಿಗೆ ನಂಬರ್ ಪ್ಲೇಟ್

ಬೈಕ್ ಕಟ್ಟುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದು ನನ್ನದೇ ಅಂತ ಸರ್ಕಾರ ಒಪ್ಪುವುದಕ್ಕೆ ಇನ್ನೂ ಐದು ತಿಂಗಳು. ಬೈಕ್ ಕಟ್ಟಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಫೋಟೋ ತೋರಿಸು ಅನ್ನುತ್ತಾರೆ. ಆ ಐದು ತಿಂಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಅದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಓಹಾಯೊ ರಾಜ್ಯದಲ್ಲಿ, ಕೊಲಂಬಸ್ ಪಕ್ಕ. ಬೆಳೆದದ್ದು ಮೈಸೂರು, ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಊರು. ಅಪ್ಪನ ಯೆಜ್ಡಿಯ ಕಿಕ್ಕರ್ ಒದ್ದು, ಅದನ್ನೇ ಮುಂದಕ್ಕೆ ತಿರುಗಿಸಿ ಗೇರ್ ಮಾಡಿಕೊಳ್ಳುತ್ತಿದ್ದ ಕಾಲದಿಂದ ಈ ಹುಚ್ಚು. ಇಲ್ಲಿ ನನಗೆ ಸಿಕ್ಕಿದ್ದು 70ರ ದಶಕದ ಯಮಾಹಾ ಎಕ್ಸ್‌ಎಸ್650 ಎಂಜಿನ್. 653 ಸಿಸಿ, ಎರಡು ಸಿಲಿಂಡರ್. ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಹಾಗಾಗಿ ಬೈಕಿಗೆ ಸದಾ ಚಳಿಜ್ವರ. ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಫ್ರೇಮನ್ನು ಹೊಸದಾಗಿ ತರಿಸಿದೆ. ಫೋರ್ಕು, ಚಕ್ರ, ಟ್ಯಾಂಕು ಎಲ್ಲ ಸಂತೆಯ ಮಾಲು. ಲೆಕ್ಸಿಂಗ್ಟನ್ ಹತ್ತಿರದ ಮಿಡ್-ಓಹಾಯೊ ರೇಸ್ ಟ್ರ್ಯಾಕಿನಲ್ಲಿ ಬೇಸಿಗೆಯಲ್ಲಿ ವಿಂಟೇಜ್ ಮೋಟರ್‌ಸೈಕಲ್ ಡೇಸ್ ನಡೆಯುತ್ತದಲ್ಲ, ಅಲ್ಲಿಯ ಹಳೆ ಬಿಡಿಭಾಗಗಳ ಸಂತೆಯಲ್ಲಿ ದಿನವಿಡೀ ಅಲೆದರೂ ಅರ್ಧ ನೋಡಿರುವುದಿಲ್ಲ.

ನಮ್ಮ ಕಡೆ ಆರ್‌ಸಿ ಒಂದಿದ್ದರೆ ಆಯಿತು. ಗಾಡಿ ಯಾರದ್ದು, ನಂಬರ್ ಏನು, ಎಲ್ಲ ಅದರಲ್ಲೇ. ಇಲ್ಲಿ ಎರಡೂ ಬೇರೆ. ಟೈಟಲ್ ಅಂದರೆ ಗಾಡಿಯ ಪಹಣಿ ಅಂದುಕೊಳ್ಳಿ, ಮಾಲೀಕ ಯಾರು ಅಂತ ಹೇಳುವ ಕಾಗದ. ರಿಜಿಸ್ಟ್ರೇಷನ್ ಅಂದರೆ ರಸ್ತೆಗಿಳಿಯುವ ಪರವಾನಗಿ, ಪ್ಲೇಟಿನ ಜೊತೆ ಬರುವುದು. ಟೈಟಲ್ ಇಲ್ಲದೆ ಪ್ಲೇಟ್ ಇಲ್ಲ. ಶೋರೂಮ್ ಗಾಡಿಗೆ ಇದು ತಲೆನೋವೇ ಅಲ್ಲ. ನನ್ನದಕ್ಕೆ ಹುಟ್ಟಿದ ದಾಖಲೆಯೇ ಇರಲಿಲ್ಲ ನೋಡಿ.

ಓಹಾಯೊ ಕಾನೂನಿನ 4505.111ನೇ ಸೆಕ್ಷನ್ ಪ್ರಕಾರ, ಬಿಡಿಭಾಗ ಸೇರಿಸಿ ಕಟ್ಟಿದ ಗಾಡಿಯನ್ನು ಟೈಟಲ್‌ಗೆ ಮೊದಲು ಹೆದ್ದಾರಿ ಪೊಲೀಸರು, ಅಂದರೆ ಸ್ಟೇಟ್ ಹೈವೇ ಪೆಟ್ರೋಲ್‌ನವರು, ಪರೀಕ್ಷೆ ಮಾಡಬೇಕು. ಪೊಲೀಸರು ಯಾಕೆ ಅಂತ ಮೊದಲು ಆಶ್ಚರ್ಯವಾಗಿತ್ತು. ಅವರಿಗೆ ನಿಮ್ಮ ವೆಲ್ಡಿಂಗ್ ಚೆಂದ ಬೇಕಿಲ್ಲ. ಕದ್ದ ಮಾಲು ಇದರೊಳಗೆ ಇದೆಯಾ ಅನ್ನುವುದು ಮುಖ್ಯ. ಎಂಜಿನ್ ನಂಬರ್, ಫ್ರೇಮ್ ನಂಬರ್, ಎರಡಕ್ಕೂ ಕಾಗದ. ಜೊತೆಗೆ ಲೈಟು, ಬ್ರೇಕು, ಹಾರ್ನು ನೋಡಿದರು.

ಶುಲ್ಕ ಕಟ್ಟಿ, ಅಪಾಯಿಂಟ್‌ಮೆಂಟ್ ತಗೊಂಡು, ನವೆಂಬರ್‌ನ ಒಂದು ಬೆಳಿಗ್ಗೆ ಹೋದೆ. ಪ್ಲೇಟ್ ಇಲ್ಲದ್ದರಿಂದ ಓಡಿಸಿಕೊಂಡು ಹೋಗುವ ಹಾಗಿಲ್ಲ, ಬಾಡಿಗೆ ಟ್ರೇಲರ್ ಮೇಲೆ ಕಟ್ಟಿಕೊಂಡು ಹೋದೆ. ಇನ್ಸ್‌ಪೆಕ್ಟರ್ ಬೈಕಿನ ಸುತ್ತ ಒಂದು ಸುತ್ತು ಬಂದರು. ಚೆನ್ನಾಗಿದೆ ಅಂದರು. ನಾನು ಉಬ್ಬಿಹೋದೆ. ಆಮೇಲೆ ಟಾರ್ಚ್ ಹಿಡಿದು ಹ್ಯಾಂಡಲ್ ಕೆಳಗಿನ ಕೊಳವೆಯ ಹತ್ತಿರ ಬಗ್ಗಿದರು. ಫ್ರೇಮ್ ನಂಬರ್ ಕೊರೆದಿರುವುದು ಅಲ್ಲೇ. ಬೆರಳಿನಿಂದ ಸವರಿದರು. ಟಾರ್ಚನ್ನು ಅಡ್ಡ ಹಿಡಿದರು. "ಇದು ಎಂಟಾ, ಮೂರಾ?" ಅಂದರು.

ನನಗೂ ಗೊತ್ತಾಗಲಿಲ್ಲ. ಫ್ರೇಮಿಗೆ ಕಪ್ಪು ಪೌಡರ್ ಕೋಟಿಂಗ್ ಮಾಡಿಸಿದ್ದೆ. ಆ ಬಣ್ಣ ಬೇಯಿಸಿದ ಮೇಲೆ ದೋಸೆ ಹಿಟ್ಟಿನ ಹಾಗೆ ಗುಂಡಿಗಳನ್ನೆಲ್ಲ ತುಂಬಿಬಿಡುತ್ತದೆ. ನಂಬರಿನ ಮೇಲೆ ಟೇಪ್ ಅಂಟಿಸಿ ಕೊಡಬೇಕಿತ್ತು. ಅಂಗಡಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುನ್ನೂರು ಡಾಲರ್ ಕೊಟ್ಟು ಹಾಕಿಸಿದ ಬಣ್ಣವನ್ನು ಮನೆಗೆ ಬಂದು ಪೇಂಟ್ ರಿಮೂವರ್ ಹಚ್ಚಿ, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ ಕಿತ್ತೆ. ಹೊಟ್ಟೆ ಉರಿಯಿತು. ಎಂಟು ಅಂತ ಆಗ ಗೊತ್ತಾಯಿತು. ಲೋಹ ಉಜ್ಜುವ ಗ್ರೈಂಡರ್ ಮಾತ್ರ ಮುಟ್ಟಲಿಲ್ಲ. ನಂಬರಿನ ಪಕ್ಕ ಗ್ರೈಂಡರ್ ಗುರುತು ಕಂಡರೆ ಪೊಲೀಸರು ಏನಂದುಕೊಳ್ಳುತ್ತಾರೆ, ಹೇಳಿ?

ಅಷ್ಟೇ ಆಗಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಫ್ರೇಮಿಗೆ ತಯಾರಕರ ಒರಿಜಿನ್ ಸರ್ಟಿಫಿಕೇಟ್, ಅಂದರೆ ಇದು ನಾವೇ ಮಾಡಿದ್ದು ಅಂತ ಅವರು ಕೊಡುವ ಕಾಗದ, ಇತ್ತು. ಎಂಜಿನ್‌ಗೆ? ಹಳ್ಳಿಯ ಕಡೆಯ ಒಬ್ಬ ಅಜ್ಜನ ಕೊಟ್ಟಿಗೆಯಿಂದ ಕ್ಯಾಶ್ ಕೊಟ್ಟು ತಂದಿದ್ದೆ. ಕೈಕುಲುಕಿದ್ದೇ ರಸೀದಿ. ಆ ಕಾಲದ ಯಮಾಹಾದಲ್ಲಿ ಎಂಜಿನ್‌ಗೂ ಫ್ರೇಮಿಗೂ ಒಂದೇ ನಂಬರ್ ಇರುತ್ತಿತ್ತು. ಅಂದರೆ ನನ್ನ ಎಂಜಿನ್ ಮೇಲಿನ ನಂಬರ್ ಎಲ್ಲೋ ಒಂದು ಇಡೀ ಬೈಕಿನ ಹೆಸರು. ಇನ್ಸ್‌ಪೆಕ್ಟರ್ ಕಂಪ್ಯೂಟರಿನಲ್ಲಿ ಹುಡುಕಿದರು. ಕಳವಿನ ಪಟ್ಟಿಯಲ್ಲಿ ಇರಲಿಲ್ಲ, ಪುಣ್ಯ. ಆದರೆ ಮಾರಿದವರ ಸಹಿ ಇರುವ, ನೋಟರಿ ಮಾಡಿಸಿದ ಕಾಗದ ತನ್ನಿ ಅಂದರು.

ಅಜ್ಜನ ಮನೆಗೆ ಹೋದರೆ ಬೀಗ. ಇಲ್ಲಿಯ ಎಷ್ಟೋ ವಯಸ್ಸಾದವರು ಚಳಿಗಾಲ ಶುರುವಾಗುತ್ತಿದ್ದಂತೆ ಫ್ಲಾರಿಡಾಕ್ಕೆ ಹೊರಟುಬಿಡುತ್ತಾರೆ. ಪಕ್ಕದ ಮನೆಯವರಿಂದ ಫೋನ್ ನಂಬರ್ ಸಿಕ್ಕಿತು. ಅಲ್ಲೇ ನೋಟರಿ ಮಾಡಿಸಿ ಅಂಚೆಯಲ್ಲಿ ಕಳಿಸಿ ಅಂತ ಬೇಡಿಕೊಂಡೆ. "ಹಿಮದಲ್ಲಿ ಓಡಿಸ್ತೀಯಾ? ಏಪ್ರಿಲ್‌ನಲ್ಲಿ ಬಾ" ಅಂದರು. ಅವರು ಹೇಳಿದ್ದು ಸರಿಯೇ, ಅಲ್ವಾ? ಆದರೂ ನಾಲ್ಕು ತಿಂಗಳು ಆ ಬೈಕನ್ನು ಗ್ಯಾರೇಜಿನಲ್ಲಿ ಸುಮ್ನೆ ನೋಡಿಕೊಂಡು ಕೂರುವುದು ಕಷ್ಟ.

ಆ ಚಳಿಗಾಲದಲ್ಲಿ ಮೈಸೂರಿನ ಗೆಳೆಯ ಫೋನ್ ಮಾಡಿ, ನಾನೂ ಹೀಗೆ ಮಾಡಬಹುದಾ ಅಂತ ಕೇಳಿದ. ಬೇಡಪ್ಪಾ ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವ ಹಾಗೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಮಾಡಿತು. ಹಳೆ ಗಾಡಿಯ ಎಂಜಿನ್ ಕೆಟ್ಟರೆ ಅದೇ ಕಂಪನಿಯ ಅದೇ ಮಾದರಿಯದ್ದನ್ನು ಆರ್‌ಟಿಒ ಒಪ್ಪಿಗೆ ಪಡೆದು ಹಾಕಬಹುದು. ಫ್ರೇಮಿನಿಂದ ಶುರುಮಾಡಿ ಹೊಸ ಗಾಡಿ ಕಟ್ಟಿ ನಂಬರ್ ಕೇಳಿದರೆ ಬಾಗಿಲಲ್ಲೇ ವಾಪಸ್. ಅಪ್ಪನ ಕಾಲದ ಯೆಜ್ಡಿ ಇದ್ದರೆ ಇದ್ದ ಹಾಗೇ ರಿಪೇರಿ ಮಾಡಿಕೋ ಅಂದೆ. ಅವನಿಗೆ ಬೇಸರವಾಯಿತು.

ಏಪ್ರಿಲ್‌ನಲ್ಲಿ ಅಜ್ಜ ಬಂದರು. ಬ್ಯಾಂಕಿನ ನೋಟರಿ ಮುಂದೆ ಸಹಿ ಹಾಕಿದರು, ಎರಡು ನಿಮಿಷದ ಕೆಲಸ. ಮತ್ತೆ ಟ್ರೇಲರ್. ಈ ಸಲ ಒಂದು ಫೈಲಿನ ತುಂಬ ಕಾಗದ ಒಯ್ದೆ. ಸ್ಪ್ರಾಕೆಟ್ ಬಿಲ್ಲೂ ಇತ್ತು, ಎಂಜಿನ್ ಬಿಚ್ಚಿದ ಫೋಟೋಗಳೂ ಇದ್ದವು. ಅರ್ಧದಷ್ಟನ್ನು ಯಾರೂ ತೆಗೆದು ನೋಡಲಿಲ್ಲ. ಫ್ರೇಮಿನ ನಂಬರೇ ಬೈಕಿನ ಗುರುತಿನ ನಂಬರ್ ಆಯಿತು. ನಂಬರೇ ಇಲ್ಲದ ಫ್ರೇಮಾದರೆ ರಾಜ್ಯವೇ ಒಂದು ಕೊಡುತ್ತದೆ, ಆ ದಾರಿ ಇನ್ನೂ ಉದ್ದ.

ಟೈಟಲ್ ಕೊಡುವುದು ಇಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಕ್ಲರ್ಕ್ ಆಫ್ ಕೋರ್ಟ್ಸ್ ಕಚೇರಿ, ಪ್ಲೇಟ್ ಕೊಡುವುದು ಡೆಪ್ಯುಟಿ ರಿಜಿಸ್ಟ್ರಾರ್. ಪೊಲೀಸರ ವರದಿ ಕೈಯಲ್ಲಿದ್ದ ಮೇಲೆ ಎರಡೂ ಒಂದೇ ಮಧ್ಯಾಹ್ನದಲ್ಲಿ ಮುಗಿದವು. ವಿಮೆಗೆ ಮಾತ್ರ ಮೂರು ಕಡೆ ಫೋನ್ ಮಾಡಬೇಕಾಯಿತು. ಕಂಪನಿ ಯಾವುದು, ಮಾಡೆಲ್ ಯಾವುದು ಅಂತ ಕೇಳುತ್ತಾರೆ. ನಾನೇ ಕಂಪನಿ ಅಂದರೆ ಅವರ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ.

ಮೊದಲ ವಾರ ದಿನಾ ಓಡಿಸಿದೆ. ಎರಡನೇ ವಾರ ಪೆಟ್ರೋಲ್ ಹಾಕಿಸುವಾಗ ನೋಡುತ್ತೇನೆ, ಆ ನಡುಕಕ್ಕೆ ಪ್ಲೇಟಿನ ಒಂದು ಬೋಲ್ಟ್ ಎಲ್ಲೋ ಬಿದ್ದುಹೋಗಿದೆ. ಇನ್ನೊಂದರಲ್ಲಿ ಪ್ಲೇಟು ಗಡಿಯಾರದ ಲೋಲಕದ ಹಾಗೆ ನೇತಾಡುತ್ತಿತ್ತು. ಬಂಕಿನವನ ಹತ್ತಿರ ತಂತಿ ಇಸಕೊಂಡು ಕಟ್ಟಿ ಮನೆಗೆ ಬಂದೆ. ಈಗ ನೈಲಾನ್ ಲಾಕ್‌ನಟ್ ಹಾಕಿದ್ದೇನೆ.